ಬೆಲ್ಲಕ್ಕೆ ಏಕೆ ವಿನಾಯಿತಿ?

ಬೆಲ್ಲದ ಕಾಫಿ, ಬೆಲ್ಲದ ಟೀ ಎಂಬ ಬೋರ್ಡು ಈಗ ಊರೂರಲ್ಲಿ ಕಾಣುತ್ತದೆ. ಸಕ್ಕರೆ ವಿಷ, ಬೆಲ್ಲ ಔಷಧ ಎಂಬ ಪ್ರಚಾರ ಅದರ ಬೆನ್ನಿಗಿದೆ. ಈ ಪ್ರಚಾರಕರ ವಾದಗಳನ್ನು ಒಂದೊಂದಾಗಿ ಎತ್ತಿಕೊಳ್ಳುತ್ತೇನೆ. ತೂಗಿ ನೋಡುವ ಕೆಲಸ ಓದುಗರದು.

ಸಕ್ಕರೆ ರಾಸಾಯನಿಕ, ಬೆಲ್ಲ ನೈಸರ್ಗಿಕ ಎನ್ನುತ್ತಾರೆ. ಎರಡೂ ಹುಟ್ಟುವುದು ಕಬ್ಬಿನ ಹಾಲಿನಿಂದಲೇ. ಕಾರ್ಖಾನೆಯಲ್ಲಿ ಕಾಕಂಬಿ ಬೇರ್ಪಡಿಸಿ ಹರಳು ತೆಗೆಯುತ್ತಾರೆ, ಆಲೆಮನೆಯಲ್ಲಿ ಕೊಪ್ಪರಿಗೆಯಲ್ಲಿ ಕಾಯಿಸಿದ ಪಾಕವನ್ನು ಅಚ್ಚಿಗೆ ಹೊಯ್ಯುತ್ತಾರೆ. ಎರಡರಲ್ಲೂ ಬಹುಪಾಲು ಸುಕ್ರೋಸ್. ಹೊಟ್ಟೆಗೆ ಇಳಿದ ಮೇಲೆ ಅದು ಕಾರ್ಖಾನೆಯದೋ ಆಲೆಮನೆಯದೋ ಎಂದು ಕರುಳು ವಿಚಾರಿಸುವುದಿಲ್ಲ. ಇನ್ನು ರಾಸಾಯನಿಕದ ಮಾತು. ಅಂಗಡಿಯಲ್ಲಿ ಎರಡು ನಿಮಿಷ ನಿಂತು ನೋಡಿ. ಕಪ್ಪಗಿನ ಅಚ್ಚನ್ನು ಬದಿಗೆ ಸರಿಸಿ, ಹೊಂಬಣ್ಣದ ಅಚ್ಚನ್ನೇ ಜನ ಕೇಳುತ್ತಾರೆ. ಆ ಬಣ್ಣ ಎಷ್ಟೋ ಸಲ ಬರುವುದು ಆಲೆಮನೆಯವರು ಹೈಡ್ರೋಸ್ ಎಂದು ಕರೆಯುವ ಸೋಡಿಯಂ ಹೈಡ್ರೋಸಲ್ಫೈಟ್‌ನಿಂದ. ಮಂಡ್ಯದ ಕಡೆ ಕೆಲವು ಆಲೆಮನೆಗಳಲ್ಲಿ ಕೊಪ್ಪರಿಗೆಗೆ ಸಕ್ಕರೆಯನ್ನೇ ಸುರಿಯುತ್ತಾರೆಂಬ ದೂರೂ ಹಳೆಯದು. ಸಕ್ಕರೆಗೆ ಹೆದರಿ ಬೆಲ್ಲ ಕೊಂಡವರ ಚೀಲಕ್ಕೆ ಸಕ್ಕರೆಯೇ ಬರುತ್ತಿದ್ದರೆ, ನೈಸರ್ಗಿಕ ಎಂಬ ವಾದ ಎಲ್ಲಿ ನಿಂತೀತು?

ಬೆಲ್ಲ ನಿಧಾನವಾಗಿ ರಕ್ತಕ್ಕೆ ಸೇರುತ್ತದಂತೆ. ನಿಧಾನ ಮಾಡಬೇಕಾದದ್ದು ನಾರು. ಕಬ್ಬಿನ ನಾರೆಲ್ಲ ಗಾಣದಲ್ಲೇ ಸಿಪ್ಪೆಯಾಗಿ ಹೊರಬಿದ್ದು, ಒಣಗಿ, ಅದೇ ಕೊಪ್ಪರಿಗೆಯ ಒಲೆಗೆ ಉರುವಲಾಗಿರುತ್ತದೆ.

ಅತ್ಯಂತ ಜನಪ್ರಿಯ ವಾದ ಕಬ್ಬಿಣಾಂಶದ್ದು. ಬೆಲ್ಲದಲ್ಲಿ ಕಬ್ಬಿಣ ಇದೆ ಎಂಬುದು ನಿಜ. ಎಷ್ಟಿದೆ ಎಂದು ಕೇಳಿದರೆ ಮಾತ್ರ ವಾದಿಗಳು ಮಾತು ಬದಲಿಸುತ್ತಾರೆ. ಹತ್ತು ಗ್ರಾಂ ಬೆಲ್ಲದಿಂದ ಸಿಗುವುದು ಅರ್ಧ ಮಿಲಿಗ್ರಾಂ ಒಳಗೇ. ಹೆರುವ ವಯಸ್ಸಿನ ಹೆಣ್ಣುಮಗಳಿಗೆ ದಿನಕ್ಕೆ 29 ಮಿಲಿಗ್ರಾಂ ಬೇಕೆಂದು ಐಸಿಎಂಆರ್ 2020ರಲ್ಲಿ ಹೇಳಿದೆ. ಬೆಲ್ಲದಿಂದಲೇ ಅದನ್ನು ತುಂಬಿಸಲು ಹೊರಟರೆ ದಿನಕ್ಕೆ ಅರ್ಧ ಕಿಲೋಗೂ ಹೆಚ್ಚು ತಿನ್ನಬೇಕು. ತೂಕಕ್ಕೆ ತೂಕ ಇಟ್ಟರೆ ರಾಗಿಯಲ್ಲೂ ಹೆಚ್ಚುಕಡಿಮೆ ಅಷ್ಟೇ ಕಬ್ಬಿಣವಿದೆ, ಹುರುಳಿಕಾಳಿನಲ್ಲಿ ಅದಕ್ಕಿಂತ ಜಾಸ್ತಿ. ನೂರು ಗ್ರಾಂ ರಾಗಿ ಹಿಟ್ಟಿನ ಮುದ್ದೆಯನ್ನು ಹುರುಳಿ ಬಸ್ಸಾರಿನ ಜೊತೆ ಒಂದು ಹೊತ್ತಿಗೆ ಉಣ್ಣಬಹುದು. ನೂರು ಗ್ರಾಂ ಬೆಲ್ಲವನ್ನು ಯಾರೂ ಹಾಗೆ ತಿನ್ನುವುದಿಲ್ಲ, ತಿನ್ನಲೂಬಾರದು. ರಕ್ತಹೀನತೆಯಿಂದ ಬಳಲುವ ಹುಡುಗಿಗೆ ಕಬ್ಬಿಣದ ಮಾತ್ರೆ ಬಿಡಿಸಿ ಬೆಲ್ಲದ ಉಂಡೆ ಕೊಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ನಮ್ಮ ಅಜ್ಜಂದಿರು ಬೆಲ್ಲ ತಿಂದೇ ಗಟ್ಟಿಯಾಗಿದ್ದರು ಎಂಬುದು ಮತ್ತೊಂದು. ಅವರು ಬಿಸಿಲಲ್ಲಿ ನಡೆದು ಬಂದು ಒಂದು ತುಂಡು ಬೆಲ್ಲ ಕಡಿದು ನೀರು ಕುಡಿಯುತ್ತಿದ್ದರು, ಮತ್ತೆ ನೇಗಿಲು ಹಿಡಿಯುತ್ತಿದ್ದರು. ಒಬ್ಬಟ್ಟು ಹಬ್ಬಕ್ಕೆ ಮಾತ್ರ. ಕುರ್ಚಿಯಲ್ಲಿ ಕುಳಿತು ದಿನಕ್ಕೆ ನಾಲ್ಕು ಲೋಟ ಬೆಲ್ಲದ ಕಾಫಿ ಕುಡಿಯುವವರು ಅಜ್ಜನ ದುಡಿಮೆಯನ್ನು ಬಿಟ್ಟು ಬೆಲ್ಲವನ್ನಷ್ಟೇ ಉಳಿಸಿಕೊಂಡಿದ್ದಾರೆ.

ಬೆಲ್ಲ ತಿಂದರೆ ರೈತ ಉಳಿಯುತ್ತಾನೆ ಎಂಬ ಕಾಳಜಿಯನ್ನು ನಾನು ಗೌರವಿಸುತ್ತೇನೆ. ಆದರೆ 1933ರಲ್ಲಿ ಶುರುವಾದ ಮಂಡ್ಯದ ಮೈಷುಗರ್ ಸಕ್ಕರೆ ಕಾರ್ಖಾನೆಗೂ ಕಬ್ಬು ಹಾಕಿದ್ದು ಆ ಸೀಮೆಯ ರೈತರೇ. ರೈತನಿಗೆ ನ್ಯಾಯವಾದ ಬೆಲೆ ಬೇಕು, ಅದನ್ನು ಸುಳ್ಳು ಆರೋಗ್ಯದ ಹೆಸರಲ್ಲಿ ಕೇಳುವ ಅಗತ್ಯವಿಲ್ಲ.

ಎಲ್ಲ ವಾದ ಸೋತ ಮೇಲೆ ಕೊನೆಗೊಂದು ಬರುತ್ತದೆ: ಹಿತಮಿತವಾಗಿ ತಿಂದರೆ ಏನೂ ಆಗದು. ಒಪ್ಪಿದೆ. ಆದರೆ ಈ ಮಾತು ಸಕ್ಕರೆಗೂ ಹಾಗೇ ಹೊಂದುತ್ತದೆ. ಹಾಗಾದರೆ ಒಂದು ವಿಷ, ಇನ್ನೊಂದು ಔಷಧ ಆದದ್ದು ಹೇಗೆ? ಆ ಮಿತಿಯನ್ನೂ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ: ಆಹಾರದ ಒಟ್ಟು ಶಕ್ತಿಯಲ್ಲಿ ಬೆರೆಸಿದ ಸಿಹಿಯ ಪಾಲು ನೂರಕ್ಕೆ ಹತ್ತರೊಳಗಿರಲಿ, ಐದಕ್ಕೆ ಇಳಿದರೆ ಇನ್ನೂ ಒಳ್ಳೆಯದು. ಐದು ಎಂದರೆ ದಿನಕ್ಕೆ ಸುಮಾರು 25 ಗ್ರಾಂ. ಜೇನುತುಪ್ಪ, ಹಣ್ಣಿನ ಜ್ಯೂಸಿನ ಸಿಹಿಯೂ ಆ ಲೆಕ್ಕಕ್ಕೇ ಸೇರುತ್ತದೆ.

2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆ. ನಿಮ್ಮ ಮನೆಗೆ ಅವರಲ್ಲೊಬ್ಬರು ಬಂದರೆ, ಬೆಲ್ಲ ಹಾಕಿದ್ದೀನಿ, ಏನೂ ಆಗಲ್ಲ ಕುಡೀರಿ ಎಂದು ದಯವಿಟ್ಟು ಒತ್ತಾಯ ಮಾಡಬೇಡಿ. ಸಿಹಿಯಿಲ್ಲದ ಕಾಫಿ ಕೊಡಿ.