ಇಲಿ ಸಾಕಿದವರ ಪಾಲು

2025ರ ಅಕ್ಟೋಬರ್ 6ರಂದು ವೈದ್ಯಕೀಯ ನೊಬೆಲ್ ಘೋಷಣೆಯಾದಾಗ ವಿಜೇತರಲ್ಲಿ ಒಬ್ಬರಾದ ಫ್ರೆಡ್ ರಾಮ್ಸ್‌ಡೆಲ್ ಫೋನಿನ ಸಂಪರ್ಕ ಕಡಿದುಕೊಂಡು ಅಮೆರಿಕದ ಬೆಟ್ಟಗಳಲ್ಲಿ ಸುತ್ತುತ್ತಿದ್ದರು. ಪತ್ರಿಕೆಗಳಿಗೆ ಅದೇ ರುಚಿಕರ ಸುದ್ದಿಯಾಯಿತು. ನಮ್ಮ ದೇಹದ ರೋಗನಿರೋಧಕ ಪಡೆ ನಮ್ಮ ಮೇಲೆಯೇ ತಿರುಗಿ ಬೀಳದಂತೆ ಹದ್ದುಬಸ್ತಿನಲ್ಲಿಡುವ ಟಿ ಕೋಶಗಳ ಕುರಿತ ಕೆಲಸಕ್ಕೆ ಅವರಿಗೂ ಮೇರಿ ಬ್ರಂಕೋ, ಶಿಮೊನ್ ಸಕಾಗುಚಿ ಅವರಿಗೂ ಸೇರಿ ಬಂದ ಬಹುಮಾನ ಅದು. ಸುದ್ದಿಯ ಕೊನೆಯಲ್ಲಿ ಎರಡು ಸಾಲಿಗೆ ಮುಗಿದುಹೋದ ಇಲಿಯೊಂದರ ಕಥೆ ಮಾತ್ರ ನನ್ನನ್ನು ಹಿಡಿದು ನಿಲ್ಲಿಸಿತು.

ಅಣುಬಾಂಬಿನ ಯೋಜನೆ ನಡೆದ ಊರುಗಳಲ್ಲಿ ಟೆನೆಸ್ಸಿಯ ಓಕ್ ರಿಜ್ ಒಂದು. ವಿಕಿರಣ ತಾಗಿದರೆ ಮುಂದಿನ ತಲೆಮಾರಿಗೆ ಏನಾಗುತ್ತದೆಂದು ತಿಳಿಯಲು ಯುದ್ಧದ ಬಳಿಕ ಅಲ್ಲಿ ಇಲಿಗಳನ್ನು ಸಾಕಿದರು. 1949ರಲ್ಲಿ ಆ ಬೋನುಗಳಲ್ಲಿ ಕೆಲವು ಗಂಡು ಮರಿಗಳು ಚರ್ಮವೆಲ್ಲ ಹೊಟ್ಟು ಹೊಟ್ಟಾಗಿ, ಗುಲ್ಮ, ದುಗ್ಧಗ್ರಂಥಿಗಳು ಊದಿಕೊಂಡು ಕೆಲವೇ ವಾರಗಳಲ್ಲಿ ಸತ್ತವು. ವಿಕಿರಣಕ್ಕೂ ಇದಕ್ಕೂ ಸಂಬಂಧವಿರಲಿಲ್ಲ. ತಾನಾಗಿ ಆದ ವಂಶವಾಹಿಯ ದೋಷ. ‘ಸ್ಕರ್ಫಿ’ ಎಂದು ಹೆಸರಿಟ್ಟರು. ತಮ್ಮ ಪ್ರಶ್ನೆಗೆ ಉತ್ತರ ಕೊಡದ ಇಲಿಯನ್ನು ಅಲ್ಲಿಗೇ ಕೈಬಿಡಬಹುದಿತ್ತು. ಬಿಡಲಿಲ್ಲ.

ಉಳಿಸಿಕೊಳ್ಳುವುದು ಸುಲಭವೂ ಆಗಿರಲಿಲ್ಲ. ದೋಷವಿರುವುದು ಎಕ್ಸ್ ವರ್ಣತಂತುವಿನಲ್ಲಿ. ಗಂಡು ಮರಿ ಪ್ರಾಯಕ್ಕೆ ಬರುವ ಮೊದಲೇ ಸಾಯುತ್ತದೆ, ಹಾಗಾಗಿ ತಳಿ ಮುಂದುವರಿಯಬೇಕಾದದ್ದು ತಾಯಂದಿರಿಂದ. ದೋಷ ಹೊತ್ತ ತಾಯಿಯ ಹೆಣ್ಣುಮರಿಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಅದು ದಾಟಿರುತ್ತದೆ, ಆದರೆ ಎಲ್ಲವೂ ನೋಡಲು ಆರೋಗ್ಯವಾಗಿಯೇ ಇರುತ್ತವೆ. ಯಾವುದಕ್ಕೆ ದಾಟಿದೆ? ಡಿಎನ್‌ಎ ಪರೀಕ್ಷೆ ಇಲ್ಲದ ಕಾಲದಲ್ಲಿ ನೇರ ದಾರಿಯೆಂದರೆ ಗಂಡಿನ ಜೊತೆ ಬಿಟ್ಟು, ಮರಿ ಹಾಕಿಸಿ, ಗಂಡು ಮರಿಗಳ ಚರ್ಮ ಹೊಟ್ಟೇಳುತ್ತದೆಯೇ ಎಂದು ಕಾಯುವುದು. ಪ್ರತಿ ತಲೆಮಾರಿಗೂ ಇದೇ ಕೆಲಸ. ಒಂದು ಸಲ ಮೈಮರೆತು ತಪ್ಪು ಹೆಣ್ಣನ್ನು ಆರಿಸಿದರೆ, ಬೋನಿನ ಚೀಟಿ ಅದಲುಬದಲಾದರೆ ಆ ಸಾಲು ಅಲ್ಲಿಗೆ ಮುಗಿಯುತ್ತಿತ್ತು.

ಸಾಕಿದ್ದಕ್ಕೆ ಮೊದಲ ಫಲ ಸಿಕ್ಕಿದ್ದು ಬೇರೆಯದೇ ದಿಕ್ಕಿನಲ್ಲಿ. ಅಪರೂಪಕ್ಕೊಮ್ಮೆ ಹೆಣ್ಣುಮರಿಯೂ ಸ್ಕರ್ಫಿ ಆಗುತ್ತಿತ್ತು. ಇಂಥ ಹೆಣ್ಣಿಗೆ ಇರುವುದು ಒಂದೇ ಎಕ್ಸ್, ವೈ ಇಲ್ಲವೇ ಇಲ್ಲ ಎಂದು ಓಕ್ ರಿಜ್‌ನ ವಿಲಿಯಂ ರಸೆಲ್, ಲಿಯಾನ್ ರಸೆಲ್ ಮತ್ತು ಸಂಗಡಿಗರು 1959ರಲ್ಲಿ ತೋರಿಸಿದರು. ಹಣ್ಣಿನ ನೊಣದಲ್ಲಿ ಒಂಟಿ ಎಕ್ಸ್ ಇದ್ದರೆ ಗಂಡಾಗುತ್ತದೆ; ಇಲಿಯಲ್ಲಿ ಹೆಣ್ಣಾಗುತ್ತದೆ. ಅಂದರೆ ಇಲಿಯಲ್ಲಿ ಗಂಡುತನ ಕೊಡುವುದು ವೈ ಎಂಬ ತಿಳಿವಳಿಕೆಗೆ ಈ ಹೊಟ್ಟುಚರ್ಮದ ಇಲಿ ದಾರಿಯಾಯಿತು. ಮತ್ತೆ 32 ವರ್ಷಗಳಾದ ಮೇಲೆ, 1991ರಲ್ಲಿ, ಸ್ಕರ್ಫಿಯ ಕಾಯಿಲೆಯ ಬಗ್ಗೆ ಬಂದ ಪ್ರಬಂಧದಲ್ಲೂ ಲಿಯಾನ್ ರಸೆಲ್ ಹೆಸರಿದೆ. ವಿಯೆನ್ನಾದಲ್ಲಿ ಹುಟ್ಟಿ, ನಾಜಿಗಳ ಕಾಲದಲ್ಲಿ ಊರು ಬಿಟ್ಟು ಬಂದ ಹೆಣ್ಣುಮಗಳು ಆಕೆ. ಒಂದು ಇಲಿಯ ಜೊತೆ ಇಷ್ಟು ದೀರ್ಘ ಒಡನಾಟ ಇಟ್ಟುಕೊಂಡವರ ಹೆಸರು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ಆ ಹೊತ್ತಿಗೆ ಕಾಯಿಲೆಯ ಗುಟ್ಟೂ ಬಯಲಾಗುತ್ತಿತ್ತು: ಇಲಿಯ ಟಿ ಕೋಶಗಳು ಅದರ ಅಂಗಾಂಗಗಳನ್ನೇ ತಿನ್ನುತ್ತಿದ್ದವು. ವಾಷಿಂಗ್ಟನ್ ರಾಜ್ಯದ ಬಾತೆಲ್‌ನ ಔಷಧ ಕಂಪನಿಯೊಂದರಲ್ಲಿದ್ದ ಬ್ರಂಕೋ, ರಾಮ್ಸ್‌ಡೆಲ್ ದೋಷವಿರುವ ಜೀನ್ ಹುಡುಕಲು ಹೊರಟರು. ಎಕ್ಸ್ ವರ್ಣತಂತುವಿನ ಸುಮಾರು 17 ಕೋಟಿ ಡಿಎನ್‌ಎ ಅಕ್ಷರಗಳಲ್ಲಿ ಹುಡುಕಾಟವನ್ನು 5 ಲಕ್ಷಕ್ಕೆ ಇಳಿಸಿದರು. ಅಲ್ಲಿ ಸಿಕ್ಕಿದ್ದು 20 ಜೀನ್‌ಗಳು. ಒಂದೊಂದಾಗಿ ನೋಡುತ್ತ ಹೋದರೆ, ಕೊನೆಯದರಲ್ಲಿ ಎರಡೇ ಎರಡು ಅಕ್ಷರ ಹೆಚ್ಚಿಗೆ ಸೇರಿಕೊಂಡಿದ್ದವು. 2001ರಲ್ಲಿ ಪ್ರಕಟವಾದ ಆ ಜೀನ್‌ಗೆ ಫಾಕ್ಸ್‌ಪಿ3 ಎಂದು ಹೆಸರಾಯಿತು. ಹಸುಗೂಸಿನಲ್ಲೇ ಮಧುಮೇಹ, ನಿಲ್ಲದ ಭೇದಿ, ಚರ್ಮದ ಉರಿಯೂತದಿಂದ ನರಳುವ ಐಪೆಕ್ಸ್ ಎಂಬ ಅಪರೂಪದ ಕಾಯಿಲೆಯ ಗಂಡುಮಕ್ಕಳಲ್ಲೂ ಕೆಟ್ಟಿದ್ದು ಇದೇ ಜೀನ್. ಸಕಾಗುಚಿ ಜಪಾನಿನಲ್ಲಿ 1995ರಲ್ಲೇ ಗುರುತಿಸಿದ್ದ ಕಾವಲು ಕೋಶಗಳನ್ನು ರೂಪಿಸುವುದೂ ಇದೇ ಎಂದು 2003ರಲ್ಲಿ ಖಚಿತವಾಯಿತು. ಅಲ್ಲಿಯವರೆಗೆ ಅಂಥ ಕೋಶಗಳಿವೆ ಎಂದವರನ್ನು ಬಹಳ ಮಂದಿ ನಂಬಿರಲಿಲ್ಲ.

1949ರಿಂದ 2001. ಈ ನಡುವೆ ಬೋನು ತೊಳೆದವರು, ಹಾಸು ಬದಲಿಸಿದವರು, ಚೀಟಿ ಬರೆದವರು ಯಾರ್‍ಯಾರೋ. ನರಳಿ ಸತ್ತ ಮರಿಗಳ ಲೆಕ್ಕವನ್ನೂ ಮರೆಯಬಾರದು. ಆ ಸಂಕಟವನ್ನು ತಿಳಿದೂ ತಿಳಿದೂ ಮುಂದುವರಿಸಿದ್ದು ಸಣ್ಣ ನಿರ್ಧಾರವಲ್ಲ.

ತಳಿಯನ್ನು ಬೋನಿನ ಹೊರಗೂ ಉಳಿಸುವ ದಾರಿ ಆಮೇಲೆ ಸಿಕ್ಕಿತು. ಇಲಿಯ ಭ್ರೂಣಗಳನ್ನು ದ್ರವ ಸಾರಜನಕದ ಚಳಿಯಲ್ಲಿಟ್ಟು ಮತ್ತೆ ಬದುಕಿಸಬಹುದೆಂದು 1972ರಲ್ಲಿ ತೋರಿಸಿದ್ದೂ ಓಕ್ ರಿಜ್‌ನವರೇ. ಆ ದಾರಿ ಇಲ್ಲದ ಕಾಲದಲ್ಲಿ, 1947ರ ಕಾಡ್ಗಿಚ್ಚಿನಲ್ಲಿ ಮೇನ್ ರಾಜ್ಯದ ಜಾಕ್ಸನ್ ಪ್ರಯೋಗಾಲಯ ಸುಟ್ಟು, ಅಲ್ಲಿನ ಇಲಿಗಳು ಸಾವಿರಾರು ಸಂಖ್ಯೆಯಲ್ಲಿ ಸತ್ತವು. ತಳಿಗಳು ಮತ್ತೆ ಸಿಕ್ಕಿದ್ದು ಹೇಗೆ? ಹಿಂದೆ ಅಲ್ಲಿಂದಲೇ ಇಲಿ ತರಿಸಿಕೊಂಡಿದ್ದ ಪ್ರಯೋಗಾಲಯಗಳು ವಾಪಸು ಕಳಿಸಿಕೊಟ್ಟವು.

ಮೇಲೆ ಹಣ್ಣಿನ ನೊಣದ ಮಾತು ಬಂತು. ಇಂಥ ಸಾಕಣೆ ನಮ್ಮಲ್ಲೂ ಇದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಹಣ್ಣಿನ ನೊಣಗಳ ಸಂಗ್ರಹವಿದೆ. ಅಲ್ಲಿ ಅವಕ್ಕೆ ಆಹಾರ ಗೋಧಿ ಹಿಟ್ಟು, ಬೆಲ್ಲ, ಅಗರ್ ಬೇಯಿಸಿದ ಗಂಜಿ. ಬೂಷ್ಟು ಹಿಡಿಯದಿರಲು ಚೂರು ಪ್ರೊಪಿಯಾನಿಕ್ ಆಮ್ಲ. ಎಂಟು ವರ್ಣತಂತುಗಳ ನಸೂಟ, ಆರರ ಆಲ್ಬೊಮಿಕನ್ಸ್ ಎಂಬ ನೊಣಗಳನ್ನು ಕೂಡಿಸಿ ರಾಮಚಂದ್ರ ಮತ್ತು ರಂಗನಾಥ್ 1980ರ ದಶಕದಲ್ಲಿ ಅಲ್ಲಿ ಹೊಸ ತಳಿಗಳನ್ನು ಪಡೆದರು. ಕಾಡಿನಲ್ಲಿ ಎಲ್ಲೂ ಸಿಗದ, ಬಾಟಲಿಯಲ್ಲೇ ನೂರಾರು ತಲೆಮಾರು ಬಾಳಿದ ನೊಣಗಳು ಅವು. ನೊಣವನ್ನು ಇಲಿಭ್ರೂಣದಂತೆ ಹೆಪ್ಪುಗಟ್ಟಿಸಿಡುವುದು ಇಂದಿಗೂ ನಿತ್ಯದ ರೂಢಿಯಾಗಿಲ್ಲ. ಕೆಲವು ವಾರಕ್ಕೊಮ್ಮೆ ಹೊಸ ಬಾಟಲಿಗೆ ದಾಟಿಸಲೇಬೇಕು. ದಸರಾ ರಜೆ ಇದ್ದರೂ, ಪರೀಕ್ಷೆ ಇದ್ದರೂ.

ನಮ್ಮಲ್ಲಿ ಸಂಶೋಧನೆಗೆ ಹಣ ಬರುವುದು ಸಾಮಾನ್ಯವಾಗಿ ಮೂರು ವರ್ಷದ ಯೋಜನೆಯಾಗಿ. ಮೂರು ವರ್ಷದಲ್ಲಿ ಏನು ಕಂಡುಹಿಡಿಯುತ್ತೀರಿ ಎಂದು ಮೊದಲೇ ಬರೆದುಕೊಡಬೇಕು. ಸ್ಕರ್ಫಿಯ ಬಗ್ಗೆ 1960ರಲ್ಲಿ ಯಾರನ್ನಾದರೂ ಹೀಗೆ ಕೇಳಿದ್ದರೆ ಹೇಳಲು ಏನಿತ್ತು? ಎಲ್ಲ ತಳಿಯನ್ನೂ ಎಂದೆಂದಿಗೂ ಸಾಕಲಾಗದು, ನಿಜ. ಸಾಕಿದವುಗಳಲ್ಲಿ ಹೆಚ್ಚಿನವು ಯಾವ ಉಪಯೋಗಕ್ಕೂ ಬಾರದಿರಬಹುದು, ಅದೂ ನಿಜ. ಆದರೆ ಯಾವುದನ್ನು ಬಿಡಬೇಕೆಂದು ತೀರ್ಮಾನಿಸಬೇಕಾದದ್ದು ತಳಿ ಬಲ್ಲವರು, ಯೋಜನೆಯ ಕೊನೆಯ ತಾರೀಖಲ್ಲ. ತಳಿ ಸಂಗ್ರಹಗಳಿಗೆ ಯೋಜನೆಯ ಹಂಗಿಲ್ಲದ ಪ್ರತ್ಯೇಕ ಅನುದಾನ, ಅವುಗಳನ್ನು ನೋಡಿಕೊಳ್ಳುವವರಿಗೆ ಖಾಯಂ ಹುದ್ದೆ, ಬಡ್ತಿಗೆ ಪ್ರಬಂಧಗಳ ಲೆಕ್ಕ ಕೇಳದ ನಿಯಮ: ಇಷ್ಟನ್ನು ವಿಶ್ವವಿದ್ಯಾಲಯಗಳೂ ದೆಹಲಿಯ ಇಲಾಖೆಗಳೂ ಸೇರಿ ಮಾಡಬಹುದು. ಒಂದು ದೊಡ್ಡ ಸೂಕ್ಷ್ಮದರ್ಶಕದ ಬೆಲೆಗೆ ಹೋಲಿಸಿದರೆ ಗೋಧಿ ಹಿಟ್ಟು, ಬೆಲ್ಲದ ಖರ್ಚು ಏನೇನೂ ಅಲ್ಲ. ದುಬಾರಿಯಾದದ್ದು ಬಾಟಲಿ ಬದಲಿಸಲು ತಪ್ಪದೆ ಬರುವ ಮನುಷ್ಯರು, ಮತ್ತು ಅವರ ಸಂಬಳಕ್ಕೇ ಈಗ ಬಜೆಟ್ಟಿನಲ್ಲಿ ಲೆಕ್ಕಶೀರ್ಷಿಕೆಯಿಲ್ಲ.