ಸಣ್ಣ ಟರ್ಬೋ ಎಂಜಿನ್: ಕಿಲೋಮೀಟರಿನ ಲೆಕ್ಕವೊಂದೇ ಸಾಲದು

ಒಂದು ಲೀಟರ್ ಗಾತ್ರದ, ಮೂರು ಸಿಲಿಂಡರುಗಳ ಟರ್ಬೋ ಪೆಟ್ರೋಲ್ ಎಂಜಿನ್ ಭಾರತದ ಕಾರು ಮಾರುಕಟ್ಟೆಯಲ್ಲಿ ಇಂದು ಅಪರೂಪದ ವಸ್ತುವಾಗಿ ಉಳಿದಿಲ್ಲ. 2013ರಲ್ಲಿ ಫೋರ್ಡ್ ಎಕೋಸ್ಪೋರ್ಟ್ ಕಾರಿನಲ್ಲಿ ಕಾಣಿಸಿಕೊಂಡ ಈ ಬಗೆಯ ಎಂಜಿನ್, 2019ರಲ್ಲಿ ಹ್ಯುಂಡೈ ವೆನ್ಯೂ, 2021ರಲ್ಲಿ ಸ್ಕೋಡಾ ಕುಶಾಕ್, 2023ರಲ್ಲಿ ಮಾರುತಿ ಫ್ರಾಂಕ್ಸ್ ಕಾರುಗಳ ಮೂಲಕ ಮಧ್ಯಮ ವರ್ಗದ ಮನೆಯಂಗಳವನ್ನೂ ವ್ಯಾಪಾರ ಸಂಸ್ಥೆಗಳ ವಾಹನ ಸಾಲನ್ನೂ ಸೇರಿದೆ. ಆದರೂ ಕೊಳ್ಳುವವರನ್ನು ಕಾಡುವ ಪ್ರಶ್ನೆ ಒಂದೇ: ಟರ್ಬೋ ಬಾಳಿಕೆ ಬರುವುದೇ? ಇದಕ್ಕೆ ಉತ್ತರ ಯಂತ್ರದಲ್ಲಿರುವುದಕ್ಕಿಂತ ಹೆಚ್ಚಾಗಿ ಅದರ ನಿರ್ವಹಣೆಯ ಲೆಕ್ಕದಲ್ಲಿದೆ.

ಈ ಎಂಜಿನ್ ಇಷ್ಟು ಚಿಕ್ಕದಾಗಿರಲು ತೆರಿಗೆಯೂ ಒಂದು ಕಾರಣವೆಂಬುದನ್ನು ಮೊದಲು ಗಮನಿಸಬೇಕು. 2006ರ ಕೇಂದ್ರ ಮುಂಗಡಪತ್ರವು ನಾಲ್ಕು ಮೀಟರಿಗೆ ಮೀರದ ಉದ್ದ ಹಾಗೂ 1200 ಸಿಸಿಗೆ ಮೀರದ ಪೆಟ್ರೋಲ್ ಎಂಜಿನ್ ಹೊಂದಿದ ಕಾರುಗಳ ಅಬಕಾರಿ ಸುಂಕವನ್ನು ಶೇ. 24ರಿಂದ ಶೇ. 16ಕ್ಕೆ ಇಳಿಸಿತು. ಜಿಎಸ್‌ಟಿ ವ್ಯವಸ್ಥೆಯಲ್ಲಿಯೂ ಈ ಗೆರೆ ಅಳಿಯಲಿಲ್ಲ. 2025ರ ಸೆಪ್ಟೆಂಬರ್ 22ರಿಂದ ಗೆರೆಯ ಈಚೆಗಿನ ಪೆಟ್ರೋಲ್ ಕಾರಿಗೆ ಶೇ. 18, ಆಚೆಗಿನದಕ್ಕೆ ಶೇ. 40 ತೆರಿಗೆ. ಗಾತ್ರವನ್ನು ಹಿಗ್ಗಿಸದೆ ಶಕ್ತಿಯನ್ನು ಹೆಚ್ಚಿಸಲು ತಯಾರಕರಿಗೆ ಟರ್ಬೋ ನೆರವಾಯಿತು. ಒಂದು ಲೀಟರಿನ ಎಂಜಿನ್ 120 ಅಶ್ವಶಕ್ತಿಯ ಆಸುಪಾಸಿಗೆ ತಲುಪಿತು. ಖರೀದಿಯ ದಿನ ತೆರಿಗೆಯಲ್ಲಿ ಉಳಿದ ಹಣದ ಒಂದು ಪಾಲನ್ನು ಮುಂದಿನ ವರ್ಷಗಳಲ್ಲಿ ನಿರ್ವಹಣೆಗಾಗಿ ತೆಗೆದಿಡಬೇಕೆಂಬ ಮಾತನ್ನು ಮಾತ್ರ ಗ್ರಾಹಕರಿಗೆ ಹೇಳಿದವರು ವಿರಳ.

ಟರ್ಬೋಚಾರ್ಜರ್ ಎಂದರೆ ಹೊಗೆಯ ರಭಸದಿಂದ ತಿರುಗುವ ಒಂದು ಚಕ್ರ. ಅದೇ ದಂಡದ ಇನ್ನೊಂದು ತುದಿಯ ಚಕ್ರವು ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಸಣ್ಣ ಎಂಜಿನ್ನಿನಲ್ಲಿ ಈ ದಂಡವು ನಿಮಿಷಕ್ಕೆ ಎರಡು ಲಕ್ಷ ಸುತ್ತುಗಳವರೆಗೂ ತಿರುಗಬಲ್ಲದು. ಅದನ್ನು ಹೊತ್ತಿರುವುದು ಎಂಜಿನ್ ಆಯಿಲ್‌ನ ತೆಳುವಾದ ಪದರ. ಆಯಿಲ್ ಕಲುಷಿತಗೊಂಡರೆ ಮೊದಲು ಸವೆಯುವುದು ಈ ಬೇರಿಂಗ್. ಶಿರಾಡಿ ಘಾಟಿಯನ್ನು ಏರಿ ಬಂದ ಕಾರನ್ನು ಚಹಾದಂಗಡಿಯ ಮುಂದೆ ನಿಲ್ಲಿಸಿ ಕೂಡಲೇ ಎಂಜಿನ್ ಆರಿಸಿದರೆ, ಕಾದ ಟರ್ಬೋದೊಳಗೆ ನಿಂತ ಆಯಿಲ್ ಕರಕಲಾಗುವ ಸಂಭವವಿದೆ. ಇಂದಿನ ಬಹುತೇಕ ಟರ್ಬೋಗಳಿಗೆ ಕೂಲೆಂಟ್ ಹರಿಯುವ ವ್ಯವಸ್ಥೆ ಇರುವುದರಿಂದ ಈ ಅಪಾಯ ಕಡಿಮೆಯಾಗಿದೆ. ಆದರೂ ಇಂತಹ ಏರಿನ ನಂತರ ಅರ್ಧ ನಿಮಿಷ ಎಂಜಿನ್ ಚಾಲನೆಯಲ್ಲಿಡುವುದು ಖರ್ಚಿಲ್ಲದ ವಿಮೆ.

ಇದಕ್ಕಿಂತ ದೊಡ್ಡ ಸವಾಲು ನಗರದ ಸಂಚಾರದಟ್ಟಣೆಯಲ್ಲಿದೆ. ಹೆಚ್ಚಿನ ಸರ್ವೀಸ್ ಪುಸ್ತಕಗಳಲ್ಲಿ ಆಯಿಲ್ ಬದಲಾವಣೆಯ ಅವಧಿ ಕಿಲೋಮೀಟರಿನಲ್ಲಿ ಅಥವಾ ತಿಂಗಳುಗಳಲ್ಲಿದೆ. ಗಂಟೆಗೆ ಸರಾಸರಿ 50 ಕಿಲೋಮೀಟರ್ ವೇಗದಲ್ಲಿ ಹೆದ್ದಾರಿಯಲ್ಲಿ ಓಡುವ ಕಾರು 10,000 ಕಿಲೋಮೀಟರನ್ನು 200 ಗಂಟೆಗಳಲ್ಲಿ ಮುಗಿಸುತ್ತದೆ. ಬೆಂಗಳೂರಿನಂಥ ನಗರದಲ್ಲಿ ಸರಾಸರಿ 20 ಕಿಲೋಮೀಟರ್ ವೇಗದಲ್ಲಿ ತೆವಳುವ ಕಾರಿನ ಎಂಜಿನ್ ಅಷ್ಟೇ ದೂರಕ್ಕೆ 500 ಗಂಟೆ ದುಡಿದಿರುತ್ತದೆ. ಮೈಲಿಮಾಪಕ ತೋರುವ ಅಂಕಿ ಒಂದೇ. ಆಯಿಲ್ ಅನುಭವಿಸಿದ ಶ್ರಮ ಎರಡೂವರೆ ಪಟ್ಟು. ಸಾಲದ್ದಕ್ಕೆ, ಎಂಜಿನ್ ಪೂರ್ಣ ಬಿಸಿಯಾಗುವ ಮುನ್ನವೇ ಮುಗಿಯುವ ಸಣ್ಣ ಓಡಾಟಗಳಲ್ಲಿ, ಸಿಲಿಂಡರಿಗೆ ನೇರವಾಗಿ ಪೆಟ್ರೋಲ್ ಚಿಮ್ಮಿಸುವ ಎಂಜಿನ್ನುಗಳಲ್ಲಿ ಪೆಟ್ರೋಲಿನ ಅಂಶ ಆಯಿಲ್‌ಗೆ ಬೆರೆತು ಅದನ್ನು ತೆಳುವಾಗಿಸುತ್ತದೆ.

ಉದ್ಯಮಿಗಳಿಗೆ ಈ ಲೆಕ್ಕ ಹೊಸದೇನಲ್ಲ. ಕಾರ್ಖಾನೆಯ ಡೀಸೆಲ್ ಜನರೇಟರಿಗೆ ಗಂಟೆಗಳನ್ನು ಎಣಿಸಿ ಆಯಿಲ್ ಬದಲಿಸುವುದು ವಾಡಿಕೆ; ರೈತರು ಟ್ರ್ಯಾಕ್ಟರಿಗೂ ಹಾಗೆಯೇ ಮಾಡುತ್ತಾರೆ. ಅದೇ ಕಾರ್ಖಾನೆಯ ಅಂಗಳದಲ್ಲಿ ನಿಂತ ಕಾರಿಗೆ ಮಾತ್ರ ಕಿಲೋಮೀಟರಿನ ಲೆಕ್ಕವೇಕೆ ಎಂಬುದು ಕೇಳಲೇಬೇಕಾದ ಪ್ರಶ್ನೆ.

ನಿರ್ವಹಣೆಯ ಉದಾಸೀನ ಉತ್ತಮ ಯಂತ್ರಕ್ಕೂ ಕೆಟ್ಟ ಹೆಸರು ತರಬಲ್ಲದೆಂಬುದಕ್ಕೆ ಟರ್ಬೋ ಕಾರಿನ ಆರಂಭದ ಇತಿಹಾಸವೇ ಸಾಕ್ಷಿ. ಅಮೆರಿಕದಲ್ಲಿ 1962ರಲ್ಲಿ ಮಾರಾಟಕ್ಕೆ ಬಂದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಕಾರಿನಲ್ಲಿ ನೀರು ಮತ್ತು ಮೆಥನಾಲ್ ಬೆರೆತ ದ್ರವವನ್ನು ಆಗಾಗ್ಗೆ ತುಂಬಬೇಕಿತ್ತು. ಅನೇಕ ಮಾಲೀಕರು ತುಂಬಲಿಲ್ಲ; ದೂರುಗಳು ಬಂದವು; ಎರಡೇ ಮಾದರಿ ವರ್ಷಗಳಲ್ಲಿ ತಯಾರಿಕೆ ನಿಂತಿತು. ಕೊನೆಗೆ ಕಂಪನಿಯೇ ಟರ್ಬೋವನ್ನು ಕಳಚಿ ಸಾಮಾನ್ಯ ಕಾರ್ಬ್ಯುರೇಟರ್ ಜೋಡಿಸಿಕೊಡಬೇಕಾಯಿತು.

ಹಾಗೆಂದು ತಪ್ಪೆಲ್ಲ ಮಾಲೀಕರದೇ ಎನ್ನಲಾಗದು. ಯುರೋಪಿನಲ್ಲಿ ಸ್ಟೆಲ್ಲಾಂಟಿಸ್ ಸಮೂಹದ 1.2 ಲೀಟರ್ ಪ್ಯೂರ್‌ಟೆಕ್ ಎಂಜಿನ್ನಿನಲ್ಲಿ ಆಯಿಲ್‌ನಲ್ಲಿ ತೊಯ್ದು ತಿರುಗುವ ಟೈಮಿಂಗ್ ಬೆಲ್ಟ್ ಕಾಲಕ್ಕೆ ಮೊದಲೇ ಸವೆದು, ಅದರ ಚೂರುಗಳು ಆಯಿಲ್‌ನ ದಾರಿಗೆ ಅಡ್ಡವಾದವು. 2024ರಲ್ಲಿ ಕಂಪನಿಯು ಈ ಎಂಜಿನ್ನಿನ ವಾರಂಟಿಯನ್ನು ಅಲ್ಲಿ 10 ವರ್ಷ ಅಥವಾ 1,75,000 ಕಿಲೋಮೀಟರಿಗೆ ವಿಸ್ತರಿಸಿತು; ಹೊಸ ಆವೃತ್ತಿಯಲ್ಲಿ ಬೆಲ್ಟಿನ ಬದಲು ಚೈನ್ ಬಂದಿತು. ವಿನ್ಯಾಸದ ಹೊಣೆ ತಯಾರಕರದೇ. ಆದರೆ ಹೊರಗಿನಿಂದ ಕಾಣದ ಇಂತಹ ಸವೆತವನ್ನು ವೇಳೆಗೆ ಸರಿಯಾಗಿ ಪತ್ತೆ ಹಚ್ಚುವುದು ತಪಾಸಣೆಯ ಶಿಸ್ತಿನಿಂದ ಮಾತ್ರ ಸಾಧ್ಯ.

ಗ್ಯಾರೇಜ್ ಹಾಗೂ ಆಯಿಲ್ ವ್ಯಾಪಾರದ ಪಾತ್ರ ಬರುವುದು ಇಲ್ಲಿಯೇ. ಕಡಿಮೆ ವೇಗದಲ್ಲಿ ಹೆಚ್ಚು ಭಾರ ಬಿದ್ದಾಗ ಸ್ಪಾರ್ಕ್‌ಗೆ ಮುನ್ನವೇ ಇಂಧನ ಹೊತ್ತಿಕೊಂಡು ಪಿಸ್ಟನ್ ಒಡೆಯುವ ಸಮಸ್ಯೆ ಈ ಎಂಜಿನ್ನುಗಳಿಗೆ ವಿಶಿಷ್ಟ. ಇದನ್ನು ತಡೆಯಲೆಂದೇ 2018ರಲ್ಲಿ ಎಪಿಐ ಎಸ್‌ಎನ್ ಪ್ಲಸ್, 2020ರಲ್ಲಿ ಎಸ್‌ಪಿ ದರ್ಜೆಗಳು ಬಂದವು. ಡಬ್ಬಿಯ ಮೇಲಿನ ಈ ಅಕ್ಷರಗಳನ್ನು ಓದದೆ ‘ಪೆಟ್ರೋಲ್ ಗಾಡಿಗೆ ಯಾವುದಾದರೂ ಸರಿ’ ಎಂದು ಹಳೆಯ ದರ್ಜೆಯ ಆಯಿಲ್ ಸುರಿದರೆ ಉಳಿಯುವುದು ಕೆಲವು ನೂರು ರೂಪಾಯಿ. ಪಣಕ್ಕಿಟ್ಟದ್ದು ಇಡೀ ಎಂಜಿನ್. ಗ್ಯಾರೇಜಿನ ಹೆಸರೂ ಅದರೊಂದಿಗೆ ಹೋಗುತ್ತದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು.

ಈ ಹಿನ್ನೆಲೆಯಲ್ಲಿ ಕೆಲವು ಕ್ರಮಗಳು ಅಪೇಕ್ಷಣೀಯ. ತಯಾರಕರು ಸರ್ವೀಸ್ ಪುಸ್ತಕದಲ್ಲಿ ಎಂಜಿನ್ ದುಡಿದ ಗಂಟೆಗಳ ಮಿತಿಯನ್ನೂ ಸ್ಪಷ್ಟವಾಗಿ ಮುದ್ರಿಸಲಿ. ಗ್ಯಾರೇಜುಗಳು ಪ್ರತಿ ಬಿಲ್ಲಿನಲ್ಲಿ ಆಯಿಲ್‌ನ ದರ್ಜೆ, ಸಾಂದ್ರತೆ ಮತ್ತು ದಿನಾಂಕವನ್ನು ಬರೆಯಲಿ. ಹಳೆಯ ಕಾರು ಕೊಳ್ಳುವವರಿಗೆ ಹೊಳಪಿನ ಬಣ್ಣಕ್ಕಿಂತ ಆ ಬಿಲ್ಲುಗಳ ಕಟ್ಟೇ ಹೆಚ್ಚು ವಿಶ್ವಾಸಾರ್ಹ. ನಗರದಲ್ಲಿಯೇ ಕಾರು ಓಡಿಸುವ ಸಂಸ್ಥೆಗಳು 10,000 ಕಿಲೋಮೀಟರಿನವರೆಗೆ ಕಾಯದೆ, ಅದರ ಅರ್ಧಕ್ಕೇ ಆಯಿಲ್ ಮತ್ತು ಫಿಲ್ಟರ್ ಬದಲಿಸುವುದು ವಿವೇಕ. ದಿನಕ್ಕೆ ನಾಲ್ಕಾರು ಕಿಲೋಮೀಟರ್ ಮಾತ್ರ ಓಡುವ ಕಾರಿಗೆ ಟರ್ಬೋ ಇಲ್ಲದ ಸರಳ ಎಂಜಿನ್ನೇ ಮೇಲೆಂದು ಹೇಳುವ ಪ್ರಾಮಾಣಿಕತೆ ಮಾರಾಟಗಾರರಲ್ಲಿ ಇರಬೇಕು.

ಸಣ್ಣ ಟರ್ಬೋ ಎಂಜಿನ್ ದುರ್ಬಲವಲ್ಲ, ಆದರೆ ತನ್ನ ಗಾತ್ರಕ್ಕೆ ಮೀರಿ ದುಡಿಯುವ ಆಳು. ಅದರ ದುಡಿಮೆಯ ಗಂಟೆಗಳನ್ನು ಎಣಿಸಿ, ವೇಳೆಗೆ ಸರಿಯಾಗಿ ಅದರ ಪಾಲನ್ನು ಸಲ್ಲಿಸುವ ಮಾಲೀಕನಿಗೆ ಅದು ಮೋಸ ಮಾಡಲಾರದು.