ಯೋಜನೆ ದಿಲ್ಲಿಯದ್ದು, ದಾಖಲೆ ನಮ್ಮದು

ಬಜೆಟ್ ಬಂತೆಂದರೆ ನಮ್ಮ ಮನೆಗಳಲ್ಲಿ ಕೇಳುವುದು ಒಂದೇ ಪ್ರಶ್ನೆ: ಯಾವುದಕ್ಕೆ ರೇಟು ಏರಿತು, ಯಾವುದಕ್ಕೆ ಇಳಿಯಿತು? ಅಷ್ಟಕ್ಕೆ ಟಿವಿ ಆಫ್. ಆದರೆ ಸರಕಾರ ಯಾವ ಕೆಲಸವನ್ನು ಮೊದಲು ಮಾಡಲು ಹೊರಟಿದೆ, ಅದರಲ್ಲಿ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದ ನಮ್ಮಂಥವರಿಗೆ ಏನಿದೆ ಎಂದು ನಾವು ಕೂತು ಯೋಚಿಸುವುದು ಕಡಿಮೆ.

2047ಕ್ಕೆ ಸ್ವಾತಂತ್ರ್ಯ ಬಂದು ನೂರು ವರ್ಷ ತುಂಬುತ್ತದೆ. ಅಷ್ಟರೊಳಗೆ 'ವಿಕಸಿತ ಭಾರತ' ಆಗಬೇಕು ಎಂಬುದು ಕೇಂದ್ರದ ಗುರಿ. 2024ರ ಜುಲೈ 23ರ ಬಜೆಟ್‌ನಲ್ಲಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಇದಕ್ಕಾಗಿ ಒಂಬತ್ತು ಆದ್ಯತೆಗಳನ್ನು ಹೇಳಿದರು. ಕೃಷಿ, ಉದ್ಯೋಗ ಮತ್ತು ಕೌಶಲ, ಸಾಮಾಜಿಕ ನ್ಯಾಯ, ಕೈಗಾರಿಕೆ, ನಗರಾಭಿವೃದ್ಧಿ, ಇಂಧನ, ಮೂಲಸೌಕರ್ಯ, ಸಂಶೋಧನೆ, ಆಡಳಿತ ಮತ್ತು ಆರ್ಥಿಕ ಸುಧಾರಣೆ. ಮರುವರ್ಷದ ಬಜೆಟ್‌ನಲ್ಲಿ ರಸ್ತೆ, ರೈಲು ಮುಂತಾದ ಬಂಡವಾಳ ವೆಚ್ಚಕ್ಕೆ 11.21 ಲಕ್ಷ ಕೋಟಿ ರೂಪಾಯಿ ಇಟ್ಟರು. ಪಟ್ಟಿ ಚೆನ್ನಾಗಿಯೇ ಇದೆ. ಪ್ರಶ್ನೆ ಇರುವುದು ಅದು ಇಲ್ಲಿಗೆ ತಲುಪುವ ದಾರಿಯ ಬಗ್ಗೆ.

ದೇಶದ ಅಭಿವೃದ್ಧಿ ನಮ್ಮ ತಾಲೂಕುಗಳಿಗೆ ಹೊಸತೇನಲ್ಲ. 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ ದಾಂಡೇಲಿಯನ್ನು ಕೈಗಾರಿಕಾ ಊರು ಮಾಡಿತು. ಅದನ್ನು ನಂಬಿ ಎಲ್ಲೆಲ್ಲಿಂದಲೋ ಜನ ಬಂದು ನೆಲೆಸಿದರು. ಕರಾವಳಿಯಿಂದ ಘಟ್ಟ ಹತ್ತಿ ಬಂದ ನಮ್ಮವರೂ ಹೋಟೆಲ್, ಅಂಗಡಿ ಇಟ್ಟು ಬದುಕು ಕಟ್ಟಿದರು. ಕಾಳಿ ನದಿಗೆ ಸೂಪಾ ಅಣೆಕಟ್ಟು ಕಟ್ಟಿದಾಗ ನಾಡಿಗೆಲ್ಲ ಕರೆಂಟ್ ಬಂತು, ಹಳೇ ಸೂಪಾ ಪಟ್ಟಣ ಮಾತ್ರ ನೀರಿನಡಿ ಹೋಯಿತು. ತಾಲೂಕು ಕೇಂದ್ರ ಜೋಯಿಡಾಕ್ಕೆ ಬಂತು. ಅದೇ ಜೋಯಿಡಾದ ಕಾಡಂಚಿನ ಹಳ್ಳಿಗಳಲ್ಲಿ ಇವತ್ತಿಗೂ ಮೊಬೈಲ್ ಸಿಗ್ನಲ್‌ಗಾಗಿ ಗುಡ್ಡ ಹತ್ತುವವರಿದ್ದಾರೆ. ಹಾಗಾಗಿ ಅಭಿವೃದ್ಧಿ ಎಂದಾಗ ನಮ್ಮ ಹಿರಿಯರು "ಯಾರದ್ದು?" ಎಂದು ಕೇಳಿದರೆ ತಪ್ಪೇನೂ ಇಲ್ಲ.

ಈಗಿನ ಉದ್ಯೋಗ ಯೋಜನೆಯನ್ನೇ ನೋಡೋಣ. 2025ರ ಆಗಸ್ಟ್ 1ರಿಂದ ಪ್ರಧಾನಮಂತ್ರಿ ವಿಕಸಿತ ಭಾರತ ರೋಜ್‌ಗಾರ್ ಯೋಜನೆ ಜಾರಿಯಲ್ಲಿದೆ. ಎರಡು ವರ್ಷದಲ್ಲಿ 3.5 ಕೋಟಿ ಉದ್ಯೋಗ ಎಂಬ ಲೆಕ್ಕ. ಮೊದಲ ಸಲ ಕೆಲಸಕ್ಕೆ ಸೇರಿದವನಿಗೆ ಎರಡು ಕಂತಿನಲ್ಲಿ 15,000 ರೂಪಾಯಿವರೆಗೆ ಸಿಗುತ್ತದೆ. ಆದರೆ ಅವನ ಹೆಸರು ಭವಿಷ್ಯನಿಧಿ, ಅಂದರೆ ಪಿಎಫ್ ಲೆಕ್ಕದಲ್ಲಿ ಇರಬೇಕು. ಪಿಎಫ್ ಕಡ್ಡಾಯ ಇರುವುದು ಸಾಮಾನ್ಯವಾಗಿ 20 ಮತ್ತು ಅದಕ್ಕಿಂತ ಹೆಚ್ಚು ಕೆಲಸಗಾರರಿರುವಲ್ಲಿ. ನಮ್ಮ ಹುಡುಗರು ನಿಲ್ಲುವುದು ಮೂರ್ನಾಲ್ಕು ಜನರ ಅಂಗಡಿಯಲ್ಲಿ, ಗ್ಯಾರೇಜಿನಲ್ಲಿ, ಮೀನಿನ ಗಾಡಿಯಲ್ಲಿ. ಅವರು ಬೆಳಗ್ಗಿಂದ ರಾತ್ರಿವರೆಗೆ ದುಡಿದರೂ ಸರಕಾರದ ಲೆಕ್ಕದಲ್ಲಿ ಆ ಕೆಲಸ ಕಾಣುವುದಿಲ್ಲ. ಅವರನ್ನು ಲೆಕ್ಕಕ್ಕೆ ತರುವ ಸುಲಭ ದಾರಿಯನ್ನು ಸರಕಾರ ಮಾಡಿಕೊಡಬೇಕು.

ಲೆಕ್ಕಕ್ಕೆ ಬಂದರೆ ಭಯ ಎಂಬ ಮಾತೂ ಇದೆ. 2025ರ ಜುಲೈಯಲ್ಲಿ ಯುಪಿಐ ವಹಿವಾಟು ನೋಡಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಬೇಕರಿ, ಚಹಾ ಅಂಗಡಿ, ತರಕಾರಿ ವ್ಯಾಪಾರಿಗಳಿಗೂ ನೋಟಿಸ್ ಕಳಿಸಿತ್ತು. ಎಷ್ಟೋ ಅಂಗಡಿಯವರು ಕ್ಯೂಆರ್ ಕೋಡ್ ಕಿತ್ತು ಹಾಕಿದರು. ಕೊನೆಗೆ ಮುಖ್ಯಮಂತ್ರಿಯೇ ಹಳೇ ಬಾಕಿ ವಸೂಲಿ ಇಲ್ಲ ಎನ್ನಬೇಕಾಯಿತು. ಜಿಎಸ್‌ಟಿ ನೋಂದಣಿ ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ವಹಿವಾಟು ದಾಟಿದರೆ ಮಾತ್ರ ಎಂದು ಮೊದಲೇ ಬಿಡಿಸಿ ಹೇಳಿದ್ದರೆ ಇಷ್ಟು ಗಲಾಟೆ ಆಗುತ್ತಿರಲಿಲ್ಲ. ಒಳ್ಳೆಯ ಆಡಳಿತ ಅಂದರೆ ನೋಟಿಸ್‌ಗಿಂತ ಮೊದಲು ತಿಳಿವಳಿಕೆ ಕೊಡುವುದು.

ಸಾಮಾಜಿಕ ನ್ಯಾಯವೂ ಒಂಬತ್ತರಲ್ಲಿ ಒಂದು. ಆದರೆ ಒಂದರಿಂದ ಎಂಟನೇ ತರಗತಿವರೆಗಿನ ಅಲ್ಪಸಂಖ್ಯಾತ ಮಕ್ಕಳ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನವನ್ನು ಕೇಂದ್ರ 2022-23ರಿಂದ ನಿಲ್ಲಿಸಿತು. ಶಿಕ್ಷಣ ಹಕ್ಕು ಕಾಯ್ದೆಯಡಿ ಆ ತರಗತಿಗಳು ಉಚಿತವಲ್ಲವೇ ಎಂಬುದು ಸರಕಾರದ ಸಮಜಾಯಿಷಿ. ಫೀಸು ಇಲ್ಲ ನಿಜ, ಬ್ಯಾಗು, ಚಪ್ಪಲಿ, ಬಸ್ಸಿಗೆ ದುಡ್ಡು ಬೇಡವೇ? ಕೂಲಿಯವರ ಮನೆಯಲ್ಲಿ ಆ ಸಣ್ಣ ಮೊತ್ತಕ್ಕೂ ಬೆಲೆ ಇತ್ತು. ಆದ್ಯತೆಯ ಪಟ್ಟಿಯನ್ನು ಓದುವಾಗ ಕೈಬಿಟ್ಟದ್ದನ್ನೂ ಓದಬೇಕು.

ಇಷ್ಟು ಸರಕಾರದ ಮಾತಾಯಿತು. ಇನ್ನು ನಮ್ಮ ಮಾತು.

ಮದ್ರಸದ ದಾಖಲೆ ಪುಸ್ತಕ ಬರೆಯುವ ನಮಗೆ ಪ್ರತಿ ವರ್ಷ ಒಂದೇ ಅನುಭವ. ಮಗುವಿನ ಹೆಸರು ನಮ್ಮಲ್ಲಿ ಒಂದು, ಶಾಲೆಯಲ್ಲಿ ಇನ್ನೊಂದು, ಆಧಾರ್‌ನಲ್ಲಿ ಮತ್ತೊಂದು. ಮುಹಮ್ಮದ್ ಎಂಬ ಹೆಸರೇ ಒಂದು ಕಡೆ ಮೊಹಮ್ಮದ್, ಇನ್ನೊಂದು ಕಡೆ ಬರೀ 'ಎಂಡಿ'. ತಂದೆಯ ಹೆಸರು ಕೆಲವೆಡೆ ಬ್ಯಾರಿ ಸೇರಿ, ಕೆಲವೆಡೆ ಬಿಟ್ಟು. ನಮ್ಮ ಒಬ್ಬ ಹಳೇ ವಿದ್ಯಾರ್ಥಿ ತಂದೆಯ ಹೆಸರಿನ ಒಂದಕ್ಷರ ಸರಿಮಾಡಲು ಒಂದು ಕಚೇರಿಗೆ ತಿಂಗಳುಗಟ್ಟಲೆ ಅಲೆದ. ಅಷ್ಟರಲ್ಲಿ ಅರ್ಜಿಯ ಕೊನೇ ದಿನ ದಾಟಿತ್ತು. "ಉಸ್ತಾದ್, ಒಂದಕ್ಷರಕ್ಕೆ ಒಂದು ವರ್ಷ ಹೋಯ್ತು" ಎಂದು ಅವನು ಹೇಳಿದಾಗ ನಮಗೆ ಉತ್ತರ ಇರಲಿಲ್ಲ.

2023ರ ಅಕ್ಟೋಬರ್ 1ರಿಂದ ಜನನ ಮರಣ ನೋಂದಣಿಯ ತಿದ್ದುಪಡಿ ಕಾಯ್ದೆ ಜಾರಿಗೆ ಬಂದಿದೆ. ಆ ದಿನದ ನಂತರ ಹುಟ್ಟಿದವರಿಗೆ ಶಾಲೆ, ಆಧಾರ್, ಮತದಾರರ ಪಟ್ಟಿ, ಚಾಲನಾ ಪರವಾನಗಿ, ಸರಕಾರಿ ನೌಕರಿ ಎಲ್ಲದಕ್ಕೂ ಹುಟ್ಟಿದ ದಿನಾಂಕ, ಸ್ಥಳಕ್ಕೆ ಜನನ ಪ್ರಮಾಣಪತ್ರವೇ ಆಧಾರ. ಹುಟ್ಟಿ 21 ದಿನದೊಳಗೆ ನೋಂದಾಯಿಸಬೇಕು. ಹೆಸರಿಡುವುದು ತಡವಾದರೆ ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಅಖೀಖಾದ ದಿನ ಮಾಂಸ ಹಂಚುವ ಗಡಿಬಿಡಿಯಲ್ಲಿ ಇದನ್ನು ಮರೆಯಬಾರದು.

ದಾಖಲೆಯ ಬಲ ಏನೆಂದು ತಿಳಿಯಲು ದೂರ ಹೋಗಬೇಕಿಲ್ಲ. ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಜನ 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ ಮೇಲೆ ಮೀಸಲಾತಿಯ ಬಾಗಿಲು ಅವರಿಗೆ ತೆರೆಯಿತು. ಮೊದಲೂ ಅವರು ಇದೇ ಕಾಡಿನಲ್ಲಿ ಇದ್ದವರೇ, ಕಾಗದದಲ್ಲಿ ಮಾತ್ರ ಇರಲಿಲ್ಲ. ಅರಣ್ಯ ಹಕ್ಕು ಕಾಯ್ದೆಯಲ್ಲಿ ಬುಡಕಟ್ಟಿನವರಲ್ಲದ ಅರಣ್ಯವಾಸಿಗಳಿಗೆ 75 ವರ್ಷದ ಸಾಕ್ಷ್ಯ ಕೇಳುವುದೂ ಇದೇ ಕಥೆ. ಅಜ್ಜನ ಕಾಲದ ರಸೀದಿ ಇಟ್ಟವನಿಗೆ ವಾದಿಸಲು ಆಧಾರ ಇದೆ, ಇಡದವನ ಕೈ ಖಾಲಿ.

ಹಾಗೆಂದು ಎಲ್ಲ ಹೊಣೆ ಜನರ ಮೇಲೆ ಹಾಕಿ ಕಚೇರಿಯವರು ಸುಮ್ಮನಿರುವಂತಿಲ್ಲ. ನಮ್ಮ ರಾಜ್ಯದ ಸಕಾಲ ಕಾಯ್ದೆ 2012ರಿಂದ ನಡೆಯುತ್ತಿದೆ. ಅರ್ಜಿ ಕೊಟ್ಟಾಗ ಸ್ವೀಕೃತಿ ಸಂಖ್ಯೆ ಕೇಳಿ ಪಡೆಯುವುದು ನಮ್ಮ ಹಕ್ಕು. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳಬಹುದು, ಮೇಲ್ಮನವಿ ಹಾಕಬಹುದು. ಮೊತ್ತ ಸಣ್ಣದಿರಬಹುದು. ಆದರೆ ಆ ಸಂಖ್ಯೆ ಕೈಯಲ್ಲಿದ್ದರೆ "ನಾಳೆ ಬಾ" ಎನ್ನುವ ಮೊದಲು ಅವರು ಯೋಚಿಸುತ್ತಾರೆ. ಘಟ್ಟ ಇಳಿದು ಕಾರವಾರಕ್ಕೆ ಹೋಗಬೇಕಾದ ಕೆಲಸಗಳು ತಾಲೂಕಿನಲ್ಲೇ ಮುಗಿಯಬೇಕು ಎಂದು ನಾವು ಒಟ್ಟಾಗಿ ಕೇಳಬೇಕು.

ಬಡ್ಡಿ ಸಾಲ ಬೇಡ ಎಂದು ಯೋಜನೆಗಳಿಂದಲೇ ದೂರ ಉಳಿಯುವವರಿಗೂ ಒಂದು ಮಾತು. ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಟೈಲರ್, ಗಾರೆ, ಬಡಗಿ, ಕ್ಷೌರ ಸೇರಿ 18 ಕಸುಬುಗಳಿವೆ. ಸಾಲ ಪಡೆಯದೆಯೂ ತರಬೇತಿ, ದಿನಕ್ಕೆ 500 ರೂಪಾಯಿ ಭತ್ಯೆ, 15,000 ರೂಪಾಯಿ ಮೌಲ್ಯದ ಸಲಕರಣೆ ನೆರವು ಇದೆ. ಹಳಿಯಾಳದಲ್ಲೇ ಸ್ವ ಉದ್ಯೋಗ ತರಬೇತಿ ಸಂಸ್ಥೆ ಇದೆ, ಊಟ, ವಸತಿ ಸಹಿತ ಉಚಿತ ತರಬೇತಿ. ನಮ್ಮ ಮಕ್ಕಳು ಎಷ್ಟು ಮಂದಿ ಅಲ್ಲಿಗೆ ಹೋಗಿದ್ದಾರೆ?

ಪ್ರತಿ ಜಮಾಅತಿನಲ್ಲಿ ಫೋನ್, ಕಂಪ್ಯೂಟರ್ ತಿಳಿದ ಇಬ್ಬರು ಯುವಕರು ಜುಮಾ ನಂತರ ಒಂದು ಗಂಟೆ ಕೂರಲಿ. ಬಂದವರ ಆಧಾರ್, ರೇಷನ್ ಕಾರ್ಡ್, ಜನನ ಪತ್ರದ ಹೆಸರು ತಾಳೆ ನೋಡಲಿ. ನಮ್ಮ ಮದ್ರಸದಲ್ಲಿ ಮಕ್ಕಳ ಹೆಸರನ್ನು ಜನನ ಪತ್ರ ನೋಡಿಯೇ ಬರೆಯಲು ಈ ವರ್ಷ ನಾವು ಶುರು ಮಾಡಿದ್ದೇವೆ. ಉಳಿದ ಮದ್ರಸಗಳೂ ಇದನ್ನು ಮಾಡಬಹುದು, ಖರ್ಚೇನೂ ಇಲ್ಲ.